ಅಣ್ಣನ ಆಸ್ತಿಯ ಹಾಳೆ

ಶ್ರೀರಾಂಪುರದಲ್ಲಿ ಬಟ್ಟೆ ಹೊಲಿದುಕೊಂಡು ಒಬ್ಬಳೇ ಇದ್ದ ಯಶೋದಾಳ ಮನೆಗೆ ಭಾನುವಾರ ಬೆಳಿಗ್ಗೆ ಕಾಟಲಿಂಗಪ್ಪ ಎಂಬ ಅಪರಿಚಿತ ಬಂದ. ಕೈಯಲ್ಲಿ ಗೋಡಂಬಿ ಡಬ್ಬ, ಒಂದು ಹಾಳೆ.

"ನಿಮ್ಮಣ್ಣೋರ ಹತ್ರ ನಮ್ಮ ಕೇಸ್ ಐತ್ರಿ ಅಕ್ಕಾ. ಒಂದ್ ಮಾತು ಹೇಳ್ರಿ, ಸಾಕು."

ಯಶೋದಾಳ ಅಣ್ಣ ಗಿರೀಶ್ ಹೈಕೋರ್ಟ್ ನ್ಯಾಯಾಧೀಶ; ಅವಳಿದ್ದ ಮನೆಯೂ ಅವನ ಹೆಸರಿನಲ್ಲೇ ಇತ್ತು. "ಈ ಮನೆ ನಿಮಗ್ಯಾರು ತೋರ್ಸಿದ್ರು?" ಎಂದಳು.

"ಯಾರು ತೋರಿಸ್ಬೇಕ್ರಿ? ಸಾಹೇಬ್ರ ಆಸ್ತಿ ವಿವರ ಕೋರ್ಟಿನ ವೆಬ್‌ಸೈಟ್‌ನಾಗೇ ಐತೆ. ತಗಳ್ರಿ ಹಾಳೆ, ತಂಗಿ ಇರೋ ಮನೆ ಅಂತ ನಂಬರ್ ಸಮೇತ ಐತೆ."

ಡಬ್ಬವನ್ನು ಅವನ ಕೈಗೇ ತುರುಕಿ ಬಾಗಿಲು ಹಾಕಿಕೊಂಡಳು. ಗಾಬರಿಯಲ್ಲಿ ಹಾಳೆ ಅವಳ ಬಳಿಯೇ ಉಳಿಯಿತು. ಒಂಟಿ ಹೆಂಗಸಿನ ವಿಳಾಸವನ್ನು ಹೀಗೆ ಊರಿಗೆಲ್ಲ ಹಂಚುವುದೇ? ಅಣ್ಣನಿಗೆ ಹೇಳಿ ತೆಗೆಸಲೇಬೇಕೆಂದು ಓದತೊಡಗಿದಳು.

ಮನೆಯ ವಿವರದ ಕೆಳಗಿನ ಸಾಲಿನಲ್ಲಿ ಬೆರಳು ನಿಂತಿತು. ತೆಂಗಿನ ತೋಟ, ನಾಲ್ಕು ಎಕರೆ, ಸರ್ವೆ ನಂಬರ್; ತಂದೆಯಿಂದ ಬಂದದ್ದು, ಪೂರ್ತಿ ಗಿರೀಶನದು.

ಅಪ್ಪ ಸಾಯುವ ಮುಂಚೆ ಇಬ್ಬರನ್ನೂ ಕೂರಿಸಿಕೊಂಡು ಸಮಪಾಲು ಎಂದಿದ್ದ. ಕಾಗದಪತ್ರವನ್ನು ಅಣ್ಣನೇ ನೋಡಿಕೊಂಡಿದ್ದ. ಕಾನೂನು ಓದಿದವನು ಎಂದು ಅವಳು ಏನೂ ಕೇಳಿರಲಿಲ್ಲ.

ಫೋನಿನಲ್ಲಿ ಕಾಟಲಿಂಗಪ್ಪನ ಸುದ್ದಿ ಕೇಳಿ ಗಿರೀಶ್ ಕೆರಳಿದ. "ಆಸ್ತಿ ಎಷ್ಟೈತೆ ಅಂತ ಜನಕ್ಕೆ ಗೊತ್ತಾಗ್ಲಿ, ಬೇಡ ಅನ್ನಲ್ಲ. ಎಲ್ಲೈತೆ ಅಂತ ಯಾಕೆ? ನಿಂಗೆ ತೊಂದ್ರೆ ಆಯ್ತು ಅಂತ ನಾಲ್ಕು ಸಾಲು ಬರ್ಕೊಡು. ಮನೆ, ತೋಟ ಎರಡರ ವಿವರಾನೂ ತೆಗಿಸ್ತೀನಿ."

"ತೋಟದಾಗೆ ನನ್ನ ಹೆಸರೇ ಇಲ್ವಲ್ಲಣ್ಣ?"

"ಖಾತೆ ಹಂಗೇ ನನ್ನ ಹೆಸರಿಗೆ ಬಂತು. ಸರಿ ಮಾಡ್ಸಾಣ ಅಂತಿದ್ದೆ. ಮರೆತೇಬಿಟ್ಟೆ ಕಣೇ."

ಮರೆತದ್ದೋ, ಮುಚ್ಚಿಟ್ಟದ್ದೋ? ಮುಚ್ಚಿಡುವವನು ಲೋಕವೆಲ್ಲ ಓದುವ ಕಡೆ ಬರೆಯುತ್ತಾನೆಯೇ? ಆದರೆ ಆ ಗೋಡಂಬಿಯವನು ಬಾರದಿದ್ದರೆ ತನಗೆ ತಿಳಿಯುತ್ತಲೂ ಇರಲಿಲ್ಲ. ಹಾಗೆ ಬಂದವನ ಮೇಲೆ ಸಿಟ್ಟಾಗಬೇಕೋ ಬೇಡವೋ ಅದೂ ಅವಳಿಗೆ ಬಗೆಹರಿಯಲಿಲ್ಲ. ಮೂರು ದಿನ ಪತ್ರ ಬರೆಯುತ್ತ, ಹರಿಯುತ್ತ ಕಳೆದಳು. ಕೊನೆಗೆ ಕಳಿಸಿದ್ದು ಇಷ್ಟೇ: ಮನೆ ನಂಬರ್ ತೆಗೆಯಿರಿ, ತೋಟದ್ದು ಎಲ್ಲರಿಗೂ ಕಾಣುವಂತೆಯೇ ಇರಲಿ.

ಮುಂದಿನ ತಿಂಗಳು ಗಿರೀಶ್ ಅವಳನ್ನು ಹೊಸದುರ್ಗದ ನೋಂದಣಿ ಕಚೇರಿಗೆ ಕರೆಸಿ ಎರಡು ಎಕರೆ ಬರೆದುಕೊಟ್ಟ. ಕಚೇರಿಯ ಮೆಟ್ಟಿಲಿಳಿಯುವಾಗ ಮೆಲ್ಲಗೆ ಕೇಳಿದ: "ನನ್ನ ಮೇಲೆ ನಂಬಿಕೆ ಇಲ್ದೇ ತೋಟದ್ದು ಇರ್ಲಿ ಅಂತ ಬರೆದ್ಯಾ?"

"ಗೊತ್ತಿಲ್ಲಣ್ಣ," ಎಂದಳು. ನಿಜವಾಗಿಯೂ ಅವಳಿಗೆ ಗೊತ್ತಿರಲಿಲ್ಲ.