ಹಸಿ ಬಣ್ಣದ ಜಾಲರಿ

ಸೀಮೆಎಣ್ಣೆಯ ವಾಸನೆ, ಅಪ್ಪನೇ ಬಂದು ಪಕ್ಕದಲ್ಲಿ ಕೂತ ಹಾಗೆ — ಹುಳ ಬಿದ್ದ ಕುರಿಯನ್ನು ಮೊಣಕಾಲ ನಡುವೆ ಒತ್ತಿ ಹಿಡಿದು ಗಾಯದೊಳಕ್ಕೆ ಸೀಮೆಎಣ್ಣೆ ಸುರಿಯುತ್ತಿದ್ದ, ತಿಪ್ಪೀ ಕಣ್ಣು ಮುಚ್ಕಳೇ, ನೀ ನೋಡದಿದ್ರೆ ಅದಕ್ಕೂ ನೋವು ಕಮ್ಮಿ ಆಗ್ತೈತೆ ಅನ್ನುತ್ತಿದ್ದ, ನಾನು ಮುಚ್ಚಿಕೊಳ್ಳುತ್ತಿದ್ದೆ, ಕುರಿ ಒದೆಯುವುದು ಮಾತ್ರ ಕೇಳಿಸುತ್ತಿತ್ತು, ಬಾಗೂರಿನ ಆ ಹಟ್ಟಿಯಲ್ಲಿ ಉಣ್ಣುವಾಗಲೂ ಅದೇ ವಾಸನೆ — ಇದು ಬಾಗೂರಲ್ಲ, ದುರ್ಗದ ಹತ್ತಿ ಮಿಲ್ಲು, ಮೇಸ್ತ್ರಿ ಮೂರ್ತಪ್ಪ ಹಸಿರು ಬಣ್ಣಕ್ಕೆ ಸೀಮೆಎಣ್ಣೆ ಬೆರೆಸುತ್ತಿದ್ದಾನೆ, ಬೇಗ ಬೇಗ ಬಳಿಯುತ್ತಿದ್ದಾನೆ, ಕಾರ್ಖಾನೆ ಇನ್ಸ್‌ಪೆಕ್ಟರ್ ಸಾಹೇಬರು ಬರುವುದರೊಳಗೆ ಬೆಲ್ಟಿಗೆ ಕೈ ಸಿಗದಂತೆ ಅಡ್ಡ ಕಟ್ಟುವ ಕಬ್ಬಿಣದ ಜಾಲರಿ ಒಣಗಬೇಕು, ಎಮರ್ಜೆನ್ಸಿ ಬಂದ ಮೇಲೆ ಸಾಹೇಬರು ಹೇಳದೆ ಕೇಳದೆ ಬರುತ್ತಾರಂತೆ, ಆದರೂ ಅವರಿಗಿಂತ ಮೊದಲು ಟ್ರಂಕ್ ಕಾಲ್ ಬರುತ್ತದೆ, ಟ್ರಂಕ್ ಕಾಲಿನ ಹಿಂದೆ ಲಾರಿ ಬರುತ್ತದೆ. ಲಾರಿಯಲ್ಲಿ ಜಾಲರಿ, ಮರಳು ತುಂಬಿದ ಕೆಂಪು ಬಕೀಟುಗಳು, ಔಷಧಿಯ ಬಿಳಿ ಪೆಟ್ಟಿಗೆ, ಕೂಸುಗಳಿಗೆ ಮರದ ತೊಟ್ಟಿಲು — ಕಾನೂನು ಕೇಳುವುದೆಲ್ಲ ಒಂದೇ ಲಾರಿಯಲ್ಲಿ, ನಿನ್ನೆ ಹೊಳಲ್ಕೆರೆಯ ಅಕ್ಕಿ ಗಿರಣಿಯಲ್ಲಿತ್ತು, ಇವತ್ತು ಇಲ್ಲಿ, ನಾಳೆ ಹಿರಿಯೂರಿನ ಎಣ್ಣೆ ಮಿಲ್ಲಿಗೆ, ಆಮೇಲೆ ಹೊಸದುರ್ಗದ ನಾರಿನ ಕಾರ್ಖಾನೆಗೆ, ಧಣಿಗಳೆಲ್ಲ ಕೂಡಿ ಮಾಡಿಸಿದ್ದು, ಬೆಲ್ಟಿನ ಮುಂದೆ ಬಿಗಿಯುವ ಬೋಲ್ಟಿನ ತೂತುಗಳನ್ನು ಎಲ್ಲ ಕಡೆ ಒಂದೇ ಅಳತೆಗೆ ಕೊರೆಸಿದ್ದಾರೆ, ಊರಿಗೊಂದು ಜಾಲರಿ ಮಾಡಿಸುವುದಕ್ಕಿಂತ ಅದು ಸಲೀಸಂತೆ, ಗುರುತು ಸಿಗಬಾರದೆಂದು ಊರಿಗೊಂದು ಬಣ್ಣ, ಹೊಳಲ್ಕೆರೆಯದು ಹಳದಿ, ಹಿರಿಯೂರಿನದು ನೀಲಿ, ನಮ್ಮದು ಹಸಿರು, ಸರಳು ಬಣ್ಣ ತಿಂದು ತಿಂದು ಬೆರಳಿನಷ್ಟು ದಪ್ಪವಾಗಿದೆ. ಬೆರಳು. ಜೊತೆಯಲ್ಲಿ ಕೆಲಸ ಮಾಡುವ ಸಿದ್ದಕ್ಕ ನನ್ನ ಬಲಗೈ ಮೇಲೆ ಸೆರಗು ಹೊದಿಸುತ್ತಿದ್ದಾಳೆ, ಮಣಿಕಟ್ಟಿನ ಆಚೆ ಏನೂ ಇಲ್ಲದ ಕೈ, ಪಿನ್ನು ಚುಚ್ಚೀತೆಂದು ತನ್ನ ಬೆರಳು ಒಳಗಿಟ್ಟು ಸಿಕ್ಕಿಸುತ್ತಾಳೆ, ಬೆಳಿಗ್ಗೆ ನನಗೆ ಜಡೆ ಹಾಕಿದವಳೂ ಅವಳೇ, ತಲೆ ಬಾಚುತ್ತ ಕಿವಿಯಲ್ಲಿ ಅಂದಳು, ಸುಮ್ನೆ ತೊಟ್ಲು ತೂಗೇ ತಾಯಿ, ಬಾಯಿ ಬಿಟ್ಟೀಯ.

ತೊಟ್ಟಿಲು ತೂಗುವ ಆಯಾ ನಾನು, ಸಾಹೇಬರು ಬರುವ ದಿನ ಮಾತ್ರ, ಮಿಕ್ಕ ದಿನ ಅಂಗಳ ಗುಡಿಸುವುದು, ಒಂದೇ ಕೈಯಲ್ಲಿ, ಪೊರಕೆಯನ್ನು ಕಂಕುಳಿಗೆ ಒತ್ತಿಕೊಂಡು — ಕೂಸಿಗೆ ತೊಟ್ಟಿಲು ಹೊಸದು, ಬೇವಿನ ಕೊಂಬೆಗೆ ಕಟ್ಟಿದ ಸೀರೆಯ ಜೋಲಿಯಲ್ಲಿ ಮಲಗುವ, ಕೆಲಸದವಳೊಬ್ಬಳ ಕೂಸು, ಹಲಗೆಗೆ ಬೆನ್ನು ತಾಗಿದ್ದೇ ಅರಚುತ್ತಿದೆ, ಲೇ ತಿಪ್ಪಕ್ಕ ಅದರ ಬಾಯಿ ಮುಚ್ಸು, ಸಂತೋಷವಾಗಿರೋ ಕೂಸು ಬೇಕು ನಂಗೆ ಅನ್ನುತ್ತಾನೆ ಮೂರ್ತಪ್ಪ, ಸಂತೋಷದ ಕೂಸನ್ನೂ ಲಾರೀಲಿ ತರಿಸ್ಬೇಕಿತ್ತಪ್ಪ ಮೇಸ್ತ್ರಿ ಎಂದು ಸಿದ್ದಕ್ಕ ಅಂದದ್ದಕ್ಕೆ ಹೆಂಗಸರೆಲ್ಲ ಸೆರಗು ಕಚ್ಚಿ ನಕ್ಕರು, ನಾನೂ ನಕ್ಕೆ, ನಗು ಅರ್ಧಕ್ಕೆ ನಿಂತಿತು, ಎದುರಿಗೆ ನನ್ನ ಜಿನ್ನು, ಹತ್ತಿಯಿಂದ ಬೀಜ ಬಿಡಿಸುವ ಯಂತ್ರ. ನನ್ನ ಜಿನ್ನಿನ ಮುಂದೆ ಈಗ ಉಚ್ಚಂಗಮ್ಮ ನಿಂತಿದ್ದಾಳೆ, ರಾಮಗಿರಿಯ ಹುಡುಗಿ, ಮದುವೆಯ ಅರಿಶಿನ ಇನ್ನೂ ಕತ್ತಿನಲ್ಲಿದೆ, ಎಡಗೈಯಲ್ಲಿ ಹತ್ತಿ ತಳ್ಳುತ್ತಾಳೆ, ಬಲಕ್ಕೆ ಬೆಲ್ಟು ಓಡುತ್ತದೆ, ಬೆಲ್ಟಿಗೂ ಅವಳಿಗೂ ನಡುವೆ ಇವತ್ತು ಜಾಲರಿ ಇದೆ. ಒರಗಬ್ಯಾಡ ಕಣೇ ಅಂದಿದ್ದೆ ಬೆಳಿಗ್ಗೆ, ಒರಗಲ್ಲ ಬಿಡಕ್ಕ ಅಂತ ನಕ್ಕಳು, ಒರಗುವುದನ್ನು ಯಾರು ಯೋಚಿಸಿ ಮಾಡುತ್ತಾರೆ, ಹೊತ್ತೇರಿದಂತೆ ಸೊಂಟ ನೋಯುತ್ತದೆ, ಕೈ ತಾನಾಗಿ ಆಸರೆ ಹುಡುಕುತ್ತದೆ, ಜಾಲರಿ ತಣ್ಣಗಿರುತ್ತದೆ, ಗಟ್ಟಿಯಾಗಿರುತ್ತದೆ, ಭಾರ ಹೊರುತ್ತದೆ, ಆವತ್ತು, ಹಿಂದೊಮ್ಮೆ ಸಾಹೇಬರು ಬಂದ ದಿನ, ನನಗೂ ಹಾಗೇ, ಬೆಳಗಿನಿಂದ ಒರಗಿ ಒರಗಿ ಅಂಗೈ ತುಂಬ ಹಸಿ ಬಣ್ಣದ ಗುರುತು, ಹಸಿರು ಚೌಕಗಳು, ಸಾಹೇಬರು ಹೋದರು, ಜಾಲರಿ ಬಿಚ್ಚಿದರು, ಬಿಚ್ಚಿದ್ದು ನಾನೇ ಕಣ್ಣಾರೆ ನೋಡಿದ್ದೆ, ಉಂಡು ಬಂದೆ, ಹತ್ತಿ ತಳ್ಳುತ್ತ ಸೊಂಟ ಹಿಡಿಯಿತು, ಕಣ್ಣು ನೋಡಿದ್ದು ಕೈಗೆ ನೆನಪಿರಲಿಲ್ಲ, ಕೈ ಒರಗಲು ಹೋಯಿತು. ಕಿರುಚಿದವಳು ಸಿದ್ದಕ್ಕ, ನಾನಲ್ಲ, ಲಾರಿ ಡ್ರೈವರ್ ಹಾಲಸ್ವಾಮಿ ಜಾಲರಿಗೆ ಹಗ್ಗ ಬಿಗಿಯುತ್ತಿದ್ದವನು ಓಡಿಬಂದ, ತಲೆಯ ಟವೆಲ್ಲು ಬಿಚ್ಚಿ ನನ್ನ ಮಣಿಕಟ್ಟಿಗೆ ಕಟ್ಟಿದ, ನನ್ನವ್ವ ನನ್ನವ್ವ ಅನ್ನುತ್ತಿದ್ದ, ನನಗಿಂತ ಹಿರಿಯವನು, ಅರಳೆಯ ರಾಶಿಯ ಮೇಲೆ ನನ್ನ ಕೈ ಬಿದ್ದಿತ್ತು, ಮೇಲ್ಮುಖವಾಗಿ, ಏನೋ ಬೇಡುವ ಹಾಗೆ, ಬಿಳೀ ಅರಳೆಯ ಮೇಲೆ ಅಂಗೈಯ ಹಸಿರು ಚೌಕಗಳು, ಒಂದೂ ಅಳಿಸಿರಲಿಲ್ಲ. ಆಸ್ಪತ್ರೆಯಲ್ಲಿ ನನಗೆ ಎಚ್ಚರ ಬರುವುದರೊಳಗೆ ಕಾಗದದ ಮೇಲೆ ಕೈ ಬೇರೆ ಕಡೆ ಹೋಗಿತ್ತು, ಬಾಗೂರಿನಲ್ಲಿ ಕಬ್ಬಿನ ಗಾಣಕ್ಕೆ ಸಿಕ್ಕಿತಂತೆ, ಮಿಲ್ಲಿನಲ್ಲಿ ಅಲ್ಲವಂತೆ, ಧಣಿ ಈರಬಸಪ್ಪನವರು ಕಿತ್ತಳೆ ಹಣ್ಣು ತಂದಿದ್ದರು, ಒಂದು ಕೈಯಲ್ಲಿ ಸುಲಿಯುವುದು ಹೇಗೆಂದು ನಾನು ನೋಡುತ್ತಿದ್ದರೆ ಅವರು ಹೇಳಿದರು, ಮಿಲ್ಲು ಮುಚ್ಚಿದ್ರೆ ಇಷ್ಟು ಜನ ಹೆಂಗಸರು ಎಲ್ಲಿಗೆ ಹೋಗ್ತಾರೆ ತಿಪ್ಪಕ್ಕ, ನೀನೇ ಹೇಳು. ಕಬ್ಬಿನ ಗಾಣ ಅಂದೆ. ನಮ್ಮ ಬಾಗೂರಿನ ಹಟ್ಟಿಯಲ್ಲಿ ಕಬ್ಬೆಲ್ಲಿ, ಗಾಣವೆಲ್ಲಿ.

ಜೀಪು. ಸಾಹೇಬರು ಬಂದರು, ಈ ಸಲ ಹೊಸಬರು, ತೆಳ್ಳಗಿದ್ದಾರೆ, ಬೆವರಿದ್ದಾರೆ, ಬಕೀಟು ನೋಡಿದರು, ಪೆಟ್ಟಿಗೆ ತೆರೆಸಿ ನೋಡಿದರು, ತೊಟ್ಟಿಲ ಹತ್ತಿರ ಬಂದು ಕೂಸಿನ ಬಾಯಿ ಮೇಲಿನ ನೊಣವನ್ನು ತಮ್ಮ ಟೋಪಿಯಿಂದ ಓಡಿಸಿದರು, ಅಷ್ಟು ನಿಧಾನವಾಗಿ, ಮನೆಯಲ್ಲಿ ಕೂಸಿರಬೇಕು, ಅದೇ ನನ್ನ ಎದೆ ಸಡಿಲಿಸಿದ್ದು, ಇಂಥವರಿಗೆ ಹೇಳಿದರೆ ಕೇಳುತ್ತಾರೆ — ಮೂರ್ತಪ್ಪ ಕಣ್ಣು ಬಿಡುತ್ತಿದ್ದಾನೆ, ಬಾಯಿ ಬಿಟ್ರೆ ಪೊರಕೇನೂ ಇಲ್ಲ ಅಂದಿದ್ದಾನೆ, ಪೊರಕೆ ಹೋದರೆ ಮನೆಯಲ್ಲಿ ಒಲೆ ಹಚ್ಚುವುದು ಯಾವುದರಿಂದ, ಆಚೆ ಉಚ್ಚಂಗಮ್ಮನ ಕೈ ಏನು ಮಾಡುತ್ತಿದೆಯೋ ಇಲ್ಲಿಂದ ಕಾಣುವುದಿಲ್ಲ, ಬೆಲ್ಟು ಅಡ್ಡ — ಏನಾಯ್ತಮ್ಮ ಕೈಗೆ ಅಂದರು ಸಾಹೇಬರು, ಸೆರಗಿನ ಪಿನ್ನು ನಾನೇ ಕಿತ್ತೆ, ಮೋಟುಗೈ ಹೊರಗೆ ಬಂತು, ಆ ಜಾಲರಿ ಅಲ್ಲೇ ಇರ್ಲಿ ಸ್ವಾಮಿ ಅಂದೆ, ನೀವು ಹೋದ ತಕ್ಷಣ ಬಿಚ್ಚಿ ಹಿರಿಯೂರಿಗೆ ಒಯ್ತಾರೆ, ಬಿಚ್ಚಬ್ಯಾಡಂತ ಹೇಳ್ರಿ ಸ್ವಾಮಿ, ಹುಡುಗಿ ಒರಗ್ತಾಳೆ. ಜಿನ್ನುಗಳ ಸದ್ದು ಇತ್ತೋ ನಿಂತಿತ್ತೋ ಗೊತ್ತಿಲ್ಲ. ಪಾಪ ಸ್ವಾಮಿ, ಗಾಣಕ್ಕೆ ಕೈ ಕೊಟ್ಟಾಗಿಂದ ತಲೆ ಸರಿಯಿಲ್ಲ ಇವಳಿಗೆ ಅಂದ ಮೂರ್ತಪ್ಪ, ಸಾಹೇಬರು ಜಾಲರಿಯ ಹತ್ತಿರ ಹೋದರು, ಬೆರಳಿಟ್ಟರು, ತೆಗೆದರು, ಬೆರಳ ತುದಿ ಹಸಿರು. ಅದನ್ನು ನೋಡಿಕೊಂಡರು. ನನ್ನನ್ನು ನೋಡಿದರು. ಸೆಖೆಗೆ ಹಳೇ ಬಣ್ಣ ಕರಗೈತೆ ಸ್ವಾಮಿ ಅಂದ ಮೂರ್ತಪ್ಪ, ಸಾಹೇಬರು ಕರವಸ್ತ್ರ ತೆಗೆದು ಬೆರಳು ಒರೆಸಿಕೊಂಡರು, ಒಂದು ಸಲ, ಇನ್ನೊಂದು ಸಲ, ಹಸಿರು ಒಳಗಾಗುವಂತೆ ಮಡಿಸಿ ಜೇಬಿಗೆ ಇಟ್ಟುಕೊಂಡರು, ಧಣಿಯ ಕಡೆ ತಿರುಗಿ ಇಂಥವರಿಗೂ ಕೆಲಸ ಕೊಟ್ಟಿದ್ದೀರಲ್ಲ, ದೊಡ್ಡ ಗುಣ ಅಂದರು. ಎಳನೀರು ಕುಡಿದರು. ಜೀಪು ಗೇಟು ದಾಟಿದ ಧೂಳು ಇನ್ನೂ ಕೂತಿರಲಿಲ್ಲ, ಮೂರ್ತಪ್ಪ ಸ್ಪ್ಯಾನರು ಹಿಡಿದು ಬಂದ, ಧಣಿ ನನ್ನ ಹತ್ತಿರ ಬಂದು ಬೈಯಲಿಲ್ಲ, ನಾಳೆಯಿಂದ ಮನೇಲಿ ಆರಾಮಿರು ತಿಪ್ಪಕ್ಕ, ದಣಿದಿದ್ದೀಯ ಅಂದರು, ನಿಜವಾಗಿ ಕನಿಕರಪಟ್ಟವರ ಹಾಗೆ. ಹಾಲಸ್ವಾಮಿ ಜಾಲರಿ ಹೊತ್ತುಕೊಂಡು ಹೋದ, ನನ್ನ ಮುಂದೆ ಹಾಯುವಾಗ ತಲೆ ಎತ್ತಲಿಲ್ಲ, ಊಟದ ಗಂಟೆ ಹೊಡೆಯಿತು, ಬೇವಿನ ಕೆಳಗೆ ಹೆಂಗಸರು ಗಂಟು ಬಿಚ್ಚಿದರು, ದಿನಾ ನನಗೂ ಸೇರಿಸಿ ಬುತ್ತಿ ತರುವ ಸಿದ್ದಕ್ಕ ಬೆನ್ನು ತಿರುಗಿಸಿ ಕೂತಿದ್ದಾಳೆ, ಮೂರ್ತಪ್ಪ ನೋಡುತ್ತಿದ್ದಾನೆ, ಅವಳಿಗೂ ಮಕ್ಕಳಿದ್ದಾವೆ, ತಪ್ಪಿಲ್ಲ, ಜಡೆ ಇನ್ನೂ ಬಿಗಿಯಾಗಿದೆ, ಎಷ್ಟು ಚೆನ್ನಾಗಿ ಹೆಣೆದಿದ್ದಾಳೆ, ಸಂಜೆಯವರೆಗೂ ಬಿಚ್ಚುವುದಿಲ್ಲ — ಯಾರೋ ಬಂದು ಮುಂದೆ ಕೂತರು, ಉಚ್ಚಂಗಮ್ಮ, ತನ್ನ ಬಟ್ಟಲು ನನ್ನ ಮಡಿಲಿಗೆ ಇಡುತ್ತಿದ್ದಾಳೆ, ಎಡಗೈಗೆ ಸಿಗಲೆಂದು ಮುದ್ದೆಯನ್ನು ಮೊದಲೇ ತುತ್ತು ತುತ್ತು ಮುರಿದು ಸಾರಿನಲ್ಲಿ ಹಾಕಿದ್ದಾಳೆ, ಸಾರಿನ ಮೇಲೆ ಅದೇ ಸೀಮೆಎಣ್ಣೆ ವಾಸನೆ, ಕಣ್ಣು ಮುಚ್ಕಳೇ ತಿಪ್ಪೀ, ಮುಚ್ಚಲಾಗುತ್ತಿಲ್ಲ ಅಪ್ಪ, ಬಟ್ಟಲು ಬಿಟ್ಟು ಹಿಂದಕ್ಕೆ ಹೋಗುತ್ತಿರುವ ಅವಳ ಬಲಗೈ, ಅಂಗೈಯಿಂದ ಮೊಣಕೈವರೆಗೆ, ಹಸಿ ಹಸಿಯಾಗಿ, ಹಸಿರು ಚೌಕ, ಹಸಿರು ಚೌಕ, ಹಸಿರು ಚೌಕ