ಮಿಲೋ ತಂದ ಬಾಡು

ಬನ್ನುಗಳನ್ನು ಬಿಡಿಸಬಾರದು. ಬೇಕರಿಯಿಂದ ಒಂದಕ್ಕೊಂದು ಅಂಟಿಕೊಂಡು ಬಂದ ಹಾಗೆಯೇ ಇಡೀ ಹಲಗೆಯನ್ನು ನಡುವೆ ಅಡ್ಡಕ್ಕೆ ಸೀಳಬೇಕು. ಒಂದೊಂದಾಗಿ ಕಿತ್ತರೆ ಓವನ್ನಿನಲ್ಲಿ ಅಂಚು ಒಣಗಿ ಹಪ್ಪಳವಾಗುತ್ತದೆ. ಇದನ್ನು ನನಗೆ ಕಲಿಸಿದವನು ನನ್ನ ಗಂಡ ಡ್ವೇನ್. ಫುಟ್‌ಬಾಲ್ ಇರುವ ಭಾನುವಾರಗಳಲ್ಲಿ ಅಡುಗೆಮನೆ ಅವನದು. ಬನ್ನು ಸೀಳುವುದು ನನ್ನ ಕೆಲಸ, ಮಾಂಸ ಕೊಯ್ಯುವುದು ಅವನದು.

ಅವತ್ತು ಎರಡೂ ನನ್ನ ಪಾಲಿಗೆ ಬಂದಿದ್ದವು.

"ಎಳೆಗೆ ಅಡ್ಡ ಕೊಯ್ಯೇ, ಅರ್ಲೀನ್. ಉದ್ದಕ್ಕೆ ಕೊಯ್ದ್ರೆ ಚಪ್ಪಲಿ ಅಗಿದಂಗಿರುತ್ತೆ."

"ಅಡ್ಡಾನೇ ಕೊಯ್ತಿದೀನಲ್ಲ."

"ಅದು ಹೋಳಾ? ಬಾಗಿಲಿಗೆ ಆನಿಸಿಟ್ರೆ ಗಾಳಿಗೆ ಬಾಗಿಲು ಬಡ್ಕೊಳ್ಳಲ್ಲ, ಅಷ್ಟು ದಪ್ಪ!"

ನಕ್ಕೆ. ನಗದಿದ್ದರೆ ಅಳಬೇಕಾಗುತ್ತಿತ್ತು. ಹಿಂದಿನ ದಿನವೇ ಉಪ್ಪು, ಮೆಣಸು, ಬೆಳ್ಳುಳ್ಳಿ ತಿಕ್ಕಿ ಸುಟ್ಟು, ರಾತ್ರಿಯೆಲ್ಲ ತಣ್ಣಗಿಟ್ಟ ದನದ ತೊಡೆಯ ಮಾಂಸ ಅದು. ತಣ್ಣಗಿದ್ದರೆ ಮಾತ್ರ ತೆಳ್ಳಗೆ ಬರುತ್ತದೆ. ಮುಂಚೆ ಡ್ವೇನ್ ಕೊಯ್ಯುತ್ತಿದ್ದ ಹೋಳಿನ ಆಚೆ ಕಡೆಯಿಂದ ದೀಪ ಕಾಣುತ್ತಿತ್ತು. ನೆಬ್ರಾಸ್ಕದ ನಮ್ಮೂರಲ್ಲಿ ಅರ್ಧ ಊರೇ ಮಾಂಸದ ಕಾರ್ಖಾನೆಯಲ್ಲಿ ಚಾಕು ಹಿಡಿದು ನಿಲ್ಲುತ್ತದೆ. ಅಂಥ ಊರಲ್ಲೂ ಅವನ ಕೈ ಹೆಸರಾದ ಕೈ.

ಅವನು ಎಡಗೈಯಲ್ಲಿ ಚಾಕು ಕಸಿದುಕೊಂಡ. ಬಲಗೈಯಲ್ಲಿ ಉಳಿದದ್ದು ಹೆಬ್ಬೆರಳು, ಕಿರುಬೆರಳು ಮಾತ್ರ. ಅವುಗಳ ನಡುವೆ ಮಾಂಸವನ್ನು ಅದುಮಿ ಹಿಡಿಯಲು ನೋಡಿದ. ಮಾಂಸ ಜಾರಿತು. ಮತ್ತೆ ಹಿಡಿದ. ಮತ್ತೆ ಜಾರಿತು. ಚಾಕನ್ನು ಸಿಂಕಿಗೆ ಎಸೆದು ಟಿವಿ ಮುಂದೆ ಹೋಗಿ ಕುಳಿತ. ಪಂದ್ಯ ಇನ್ನೂ ಶುರುವಾಗಿರಲಿಲ್ಲ. ಟ್ರ್ಯಾಕ್ಟರಿನ ಜಾಹೀರಾತನ್ನೇ ಕಣ್ಣು ಮಿಟುಕಿಸದೆ ನೋಡಿದ.

ಆಗಿದ್ದು ಇಷ್ಟು. ಮೂಳೆ ಕೊಯ್ಯುವ ಗರಗಸದ ಮೇಲೆ ಒಂದು ಕಬ್ಬಿಣದ ಕಾಪು ಇರುತ್ತದೆ. ಅದಿದ್ದರೆ ಕೈ ಉಳಿಯುತ್ತದೆ, ಸಾಲಾಗಿ ನಿಂತು ಕೊಯ್ಯುವ ಲೈನು ಮಾತ್ರ ಒಂದಿಷ್ಟು ನಿಧಾನ. ಬೇಸಿಗೆಯ ಕೊನೆಯಲ್ಲಿ ಮೇಸ್ತ್ರಿ ಅದನ್ನು ಕಳಚಿಡಿ ಎಂದ, ಕಳಚಿಟ್ಟರು. ಬೆರಳು ಹೋದ ಮೇಲೆ ಕಂಪನಿ ಹೇಳಿತು: ಕಾಪು ತೆಗೆದವನು ಡ್ವೇನೇ, ತಪ್ಪು ಅವನದೇ, ಪರಿಹಾರ ಇಲ್ಲ. ಮಂಗಳವಾರ ವಿಚಾರಣೆ. ಮೇಸ್ತ್ರಿಯ ಮಾತನ್ನು ಕಿವಿಯಾರೆ ಕೇಳಿದವರು ಇಬ್ಬರು. ಲೈನಿನಲ್ಲಿ ಅವನ ಎಡಕ್ಕೆ ನಿಲ್ಲುವ ಮಿಲೋ ಹ್ರುಸ್ಕ, ಬಲಕ್ಕೆ ನಿಲ್ಲುವ ಎಫ್ರಾಯಿನ್. ಇಬ್ಬರಲ್ಲಿ ಒಬ್ಬ ಬಾಯಿಬಿಟ್ಟರೆ ಸಾಕಿತ್ತು.

ಮಿಲೋ ಬಾಯಿಬಿಡುತ್ತಾನೆ ಎಂದು ನಾನು ನಂಬಿದ್ದೆ. ನಂಬಿದ್ದು ಆ ಮಾಂಸದಿಂದ.

ನಮ್ಮೂರಲ್ಲಿ ಒಂದು ಮನೆಗೆ ಕಷ್ಟ ಬಂದರೆ ಜನ ಮಾತಾಡುವುದಿಲ್ಲ, ಅಡುಗೆ ತರುತ್ತಾರೆ. ಪಾತ್ರೆಯ ತಳಕ್ಕೆ ಹೆಸರು ಬರೆದ ಪಟ್ಟಿ ಅಂಟಿಸಿ, ಮೇಲೆ ಫಾಯಿಲ್ ಮುಚ್ಚಿ, ಬಾಗಿಲಲ್ಲೇ ಕೊಟ್ಟು ಹೋಗುತ್ತಾರೆ. ಬೇಡ ಎನ್ನುವ ಹಾಗಿಲ್ಲ. ಎಲ್ಲಿಂದ ತಂದೆ ಎಂದು ಕೇಳುವ ಹಾಗೂ ಇಲ್ಲ. ಬೆರಳು ಹೋದ ಮೊದಲ ವಾರ ಆಲೂಗಡ್ಡೆ, ನೂಡಲ್ಸು, ಹುರುಳಿಕಾಯಿಗಳಿಂದ ಫ್ರಿಜ್ಜು ಮುಚ್ಚುತ್ತಿರಲಿಲ್ಲ. ಮಿಲೋನ ಮನೆಯಿಂದ ಮಾತ್ರ ಏನೂ ಬಂದಿರಲಿಲ್ಲ. ಈ ಭಾನುವಾರಕ್ಕೆ ಎರಡು ದಿನ ಮುಂಚೆ, ಶುಕ್ರವಾರ, ಅವನೇ ಬಂದ, ಬಿಳಿ ಕಾಗದದಲ್ಲಿ ಸುತ್ತಿದ ಭಾರಿ ಗಂಟು ಎದೆಗವಚಿಕೊಂಡು. "ಭಾನ್ವಾರಕ್ಕೆ ಇಟ್ಕೊಳ್ಳಿ" ಅಂದ. ಕಾಗದದ ಮೇಲಿನ ಚೀಟಿಯನ್ನು ಯಾರೋ ಕಿತ್ತ ಗುರುತು ಇತ್ತು. ಬೆಲೆ ಕಾಣಬಾರದೆಂದು ಕಿತ್ತಿದ್ದಾನೆ, ಸಂಕೋಚದ ಮನುಷ್ಯ ಎಂದುಕೊಂಡೆ. ಅನ್ನ ಕೊಟ್ಟವನು ಮಾತೂ ಕೊಟ್ಟ ಹಾಗೆ ಎಂದು ಒಳಗೊಳಗೇ ಹಿಗ್ಗಿದೆ.

ದಪ್ಪ ಹೋಳುಗಳನ್ನೇ ಬನ್ನಿನ ಮೇಲೆ ಹರಡಿದೆ. ಮೇಲೆ ಚೀಸಿನ ಹಾಳೆಗಳು, ಅದರ ಮೇಲೆ ಬನ್ನಿನ ಇನ್ನರ್ಧ. ಬೆಣ್ಣೆ ಕರಗಿಸಿ, ಈರುಳ್ಳಿ ಬಾಡಿಸಿ, ಅರೆದ ಸಾಸಿವೆ ಕಲಸಿ, ಗಸಗಸೆ ಉದುರಿಸಿ, ಬನ್ನುಗಳ ನೆತ್ತಿಗೆಲ್ಲ ಬಳಿದೆ. ಫಾಯಿಲ್ ಮುಚ್ಚಿ ಪಕ್ಕಕ್ಕಿಟ್ಟೆ.

ಮಿಲೋ ಮತ್ತು ಅವನ ಹೆಂಡತಿ ಜೊಲೀನ್ ಉಪ್ಪಿನಕಾಯಿಯ ಶೀಶೆ ಹಿಡಿದು ಬಂದರು. ಹಿಂದೆಯೇ ಎಫ್ರಾಯಿನ್, ಬಿಯರ್ ಹೊತ್ತುಕೊಂಡು.

"ಏನ್ ಡ್ವೇನ್, ನಮ್ ತಂಡ ಇವತ್ತಾದ್ರೂ ಗೆಲ್ಲುತ್ತೇನೋ?" ಎಂದ ಎಫ್ರಾಯಿನ್.

"ಅವ್ರಿಗೆ ಹತ್ತು ಬೆರಳಿದ್ರೂ ಚೆಂಡು ನಿಲ್ಲಲ್ಲ ಮಾರಾಯ. ನನ್ನನ್ನೇ ಕರೀಲಿ."

ಎಲ್ಲರೂ ಅಗತ್ಯಕ್ಕಿಂತ ಜೋರಾಗಿ ನಕ್ಕರು. ಪಂದ್ಯ ನಡೆಯುವಾಗ ಯಾರೂ ಕಾರ್ಖಾನೆಯ ಮಾತು ಎತ್ತುವುದಿಲ್ಲ. ಅದೂ ನಮ್ಮಲ್ಲಿ ಒಂದು ಕಟ್ಟಳೆ. ಕಂಪನಿ ಹಾಕಿದ ಬೇಲಿಗಳಿಗಿಂತ ನಾವೇ ಹಾಕಿಕೊಂಡವು ಗಟ್ಟಿ.

ಪಂದ್ಯದ ನಡುವಿನ ವಿರಾಮಕ್ಕೆ ಸ್ವಲ್ಪ ಮುಂಚೆ ಓವನ್ನಿಗಿಟ್ಟು, ವಿರಾಮಕ್ಕೆ ಸರಿಯಾಗಿ ಫಾಯಿಲ್ ತೆಗೆದೆ. ಇನ್ನೊಂದಿಷ್ಟು ಕೆಂಪಗಾಗಲು ಬಿಟ್ಟು ಹೊರಗೆ ತಂದೆ. ಚೀಸು ಅಂಚಿನಿಂದ ಇಳಿದು ತಟ್ಟೆಯಲ್ಲಿ ಗರಿಗರಿಯಾಗಿತ್ತು. ಚೌಕ ಚೌಕವಾಗಿ ಕೊಯ್ದು ಹಂಚಿದೆ. ಡ್ವೇನ್ ಎಡಗೈಯಲ್ಲಿ ತೆಗೆದುಕೊಂಡ. ಎರಡನೆಯದನ್ನು ಕೇಳಿ ತೆಗೆದುಕೊಂಡ. ಆಸ್ಪತ್ರೆಯಿಂದ ಬಂದ ಮೇಲೆ ಅವನು ಕೇಳಿ ತಿಂದದ್ದು ಅದೇ ಮೊದಲು.

ಎಫ್ರಾಯಿನ್ ಬಾಯ್ತುಂಬ ಅಗಿಯುತ್ತಾ ಹೇಳಿದ: "ಅರ್ಲೀನ್ ಅವ್ರೇ, ಭಾಳ ಚೆನ್ನಾಗಿದೆ. ಇದು ಬಹುಮಾನದ ಬಾಡು ಅಲ್ವಾ? ನಮ್ಮನೇದು ಇನ್ನೂ ಫ್ರೀಜರಲ್ಲೇ ಬಿದ್ದಿದೆ."

"ಎಂಥ ಬಹುಮಾನ?" ಎಂದೆ.

"ತಿನ್ನೋ ಸುಮ್ನೆ" ಎಂದಳು ಜೊಲೀನ್.

ಅವನಿಗೆ ಅರ್ಥವಾಗಲಿಲ್ಲ. "ಕಂಪನಿಯೋರು ನಮ್ ಲೈನಿಗೆಲ್ಲ ಕೊಟ್ರಲ್ಲ. ಅಪಘಾತ ಇಲ್ದಿರೋ ತಿಂಗ್ಳು ಅಂತ..." ಅನ್ನುತ್ತಿದ್ದ ಹಾಗೆಯೇ ಅರ್ಥವಾಯಿತು. ಕೈಯಲ್ಲಿದ್ದುದನ್ನು ತಟ್ಟೆಗಿಟ್ಟ.

ಟಿವಿಯಲ್ಲಿ ವಿರಾಮದ ವಾದ್ಯದವರು ಮೈದಾನದ ತುಂಬ ನಡೆಯುತ್ತಿದ್ದರು. ಡ್ವೇನ್ ತನ್ನ ಬಲಗೈಯನ್ನು ತೊಡೆಯ ಮೇಲೆ ಮಗುಚಿ ನೋಡಿದ.

"ಹಂಗಾದ್ರೆ," ಅಂದ, "ನನ್ ಬೆರಳು ಯಾವ ತಿಂಗ್ಳಲ್ಲಿ ಹೋದ್ವೋ ಮಿಲೋ?"

ಮಿಲೋ ಟಿವಿಯ ಕಡೆಗೇ ಮುಖ ಮಾಡಿಕೊಂಡು ಹೇಳಿದ: "ಒಬ್ಬೊಬ್ಬರನ್ನೇ ಒಳಗೆ ಕರೆದ್ರು ಕಣೋ. ಮೇಸ್ತ್ರಿ ಪಕ್ಕದಲ್ಲೇ ಕೂತಿದ್ದ. ನೀನೇನು ನೋಡ್ದೆ ಅಂದ್ರು. ನಾನು ಚಾಕು ಮಸೀತಿದ್ದೆ, ಏನೂ ನೋಡ್ಲಿಲ್ಲ, ಕೇಳ್ಲೂ ಇಲ್ಲ ಅಂದೆ. ಟೇಪಲ್ಲಿ ಹಿಡ್ಕೊಂಡ್ರು."

"ಮಂಗಳವಾರ ಅಲ್ವೇನೋ ವಿಚಾರಣೆ!" ನನ್ನ ದನಿ ನನಗೇ ಬೇರೆಯವರದೆನಿಸಿತು. "ಹೋಗಿ ನಿಜ ಹೇಳು. ಅವತ್ತು ಹೆದರಿದ್ದೆ ಅನ್ನು!"

"ಹೇಳಿ?" ಎದ್ದು ನಿಂತವಳು ಜೊಲೀನ್. "ಟೆಸ್‌ಗೆ ದಿನಾ ಇನ್ಸುಲಿನ್ ಚುಚ್ಬೇಕು ಕಣೇ. ಅದರ ಖರ್ಚು ಕೊಡೋ ವಿಮೆ ಕಂಪನೀದು. ಇವನನ್ನ ಹೊರಗೆ ಹಾಕಿದ್ರೆ ನನ್ ಮಗಳಿಗೆ ಏನ್ ಚುಚ್ಲಿ? ನಿನ್ನ ಸ್ಯಾಂಡ್‌ವಿಚ್ಚಿನ ಬೆಣ್ಣೇನಾ?"

ನಾನು ಎಫ್ರಾಯಿನ್ ಕಡೆ ತಿರುಗಿದೆ. ಅವನು ನೆಲ ನೋಡುತ್ತಿದ್ದ. "ನಂಗೆ ಇಂಗ್ಲಿಷು ಅರ್ಥ ಆಗಲ್ಲ ಅಂದ್ಬಿಟ್ಟೆ," ಅಂದ. ಅವನ ಇಂಗ್ಲಿಷು ನನ್ನದಕ್ಕಿಂತ ಚೊಕ್ಕ. ಅವನ ಭಾವಮೈದುನ ಈ ದೇಶದಲ್ಲಿರಲು ಕಾಗದಪತ್ರವಿಲ್ಲದೆ ಅದೇ ಕಾರ್ಖಾನೆಯಲ್ಲಿ ನೆಲ ತೊಳೆಯುತ್ತಾನೆ. ಅದು ನನಗೂ ಗೊತ್ತು, ಮೇಸ್ತ್ರಿಗೂ ಗೊತ್ತು.

ಯಾರನ್ನು ಬೈಯಲಿ? ಬೈಯಬೇಕಾದವನು ನನ್ನ ಸೋಫಾದ ಮೇಲೆ ಕುಳಿತಿರಲಿಲ್ಲ. ಅವನು ಎಂದೂ ನಮ್ಮ ಸೋಫಾಗಳ ಮೇಲೆ ಕೂರುವುದಿಲ್ಲ. ಒಬ್ಬನ ಬೆರಳು ತಿಂದು, ಆ ಬೆರಳು ಇರಲೇ ಇಲ್ಲ ಎನ್ನುವುದಕ್ಕೆ ಊರಿಗೆಲ್ಲ ಮಾಂಸ ಹಂಚುತ್ತಾನೆ. ನಾವು ಅದಕ್ಕೆ ಬೆಳ್ಳುಳ್ಳಿ ತಿಕ್ಕುತ್ತೇವೆ.

"ಮತ್ಯಾಕೋ ತಂದುಕೊಟ್ಟೆ?" ಎಂದೆ.

ಮಿಲೋ ಮೊದಲ ಸಲ ನನ್ನನ್ನು ನೋಡಿದ. "ನಮ್ಮನೇಲಿ ಯಾರಿಗೂ ಗಂಟಲಲ್ಲಿ ಇಳೀಲಿಲ್ಲ ಅರ್ಲೀನ್. ಬಿಸಾಕೋಕೂ ಆಗ್ಲಿಲ್ಲ. ಅವನಿಗೆ ಸೇರ್ಬೇಕಾದ್ದು ಅನ್ನಿಸ್ತು."

ಡ್ವೇನ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಪಂದ್ಯ ಶುರುವಾಯ್ತು, ಕೂತ್ಕೊಳ್ರೋ," ಅಂದ. ಕೂತರು. ನಮ್ಮ ತಂಡ ಸೋತಿತು. ಯಾರೂ ಗಮನಿಸಲಿಲ್ಲ.

ಹೊರಡುವ ಹೊತ್ತಿಗೆ ನಾನು ಅಡುಗೆಮನೆಯಲ್ಲಿದ್ದೆ. ನಮ್ಮಲ್ಲಿ ಬಂದವರನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಕೈಗಳು ತಮ್ಮಷ್ಟಕ್ಕೆ ತಾವೇ ಉಳಿದ ಚೌಕಗಳನ್ನು ಕಾಗದದ ತಟ್ಟೆಗಳಿಗೆ ತೆಗೆದವು, ಫಾಯಿಲ್ ಹರಿದವು, ಅಂಚು ಮಡಚಿದವು. ಬೇಡ, ನಿಲ್ಲಿ ಎಂದು ನಾನು ಅವಕ್ಕೆ ಹೇಳಬೇಕಿತ್ತು. ಹತ್ತು ಬೆರಳೂ ನೆಟ್ಟಗಿದ್ದವು, ಒಂದೂ ನನ್ನ ಮಾತು ಕೇಳಲಿಲ್ಲ.

ಬಾಗಿಲಲ್ಲಿ ಜೊಲೀನಳ ಕೈಗೆ ತಟ್ಟೆ ಇಟ್ಟೆ. ತಳ ಇನ್ನೂ ಬೆಚ್ಚಗಿತ್ತು.

"ಟೆಸ್‌ಗೆ," ಎಂದೆ. "ಬನ್ನು ಸಿಹಿ ಇರುತ್ತೆ, ನೋಡ್ಕೊಂಡು ಕೊಡು."

ಅವಳು ತಲೆಯಾಡಿಸಿದಳು. ಒಳಗಿನಿಂದ ಸಿಂಕಿನಲ್ಲಿ ಚಾಕಿನ ಸದ್ದು ಕೇಳಿಸಿತು. ಡ್ವೇನ್ ಅದನ್ನು ಎಡಗೈಯಲ್ಲಿ ತೊಳೆಯುತ್ತಿದ್ದ. ಅದು ಜಾರಿ ಬೀಳುತ್ತಿತ್ತು, ಅವನು ಮತ್ತೆ ಎತ್ತಿಕೊಳ್ಳುತ್ತಿದ್ದ.