ಜೀವನಾಂಶಕ್ಕೂ ಒಳಗೆ ಬಟ್ಟೆ ಬಿಡಿ

ತನ್ನ ಕಷ್ಟಕ್ಕೆ ಯಾರನ್ನು ಬೈಯಬೇಕೋ ಟೈಲರಮ್ಮನಿಗೆ ತಿಳಿಯಲಿಲ್ಲ. ಅವಳ ತೊಂದರೆಯೇ ಅದು.

ಬಸ್ ಡ್ರೈವರ್ ಗಂಡನಿಂದ ಅವಳು ಬೇರೆಯಾಗಿ ಎಂಟು ವರ್ಷವಾಗಿತ್ತು. ಒಪ್ಪಂದ ಪತ್ರದಲ್ಲಿ ಬರೆದ ಜೀವನಾಂಶವನ್ನು ಅವನು ಒಂದು ತಿಂಗಳೂ ತಪ್ಪಿಸಿರಲಿಲ್ಲ. ಮೊದಲು ಆ ಹಣದಲ್ಲಿ ಬಾಡಿಗೆ, ದಿನಸಿ, ಮಗಳ ಫೀಸು ಮೂರೂ ಆಗುತ್ತಿದ್ದವು. ಈಗ ಬಾಡಿಗೆಗೇ ಸಾಲದು. ಎರಡು ಕೋಣೆಯ ಮನೆ ಬಿಟ್ಟು ಒಂದು ಕೋಣೆಗೆ ಬಂದಾಗಿತ್ತು. ಎರಡನೇ ಹೊಲಿಗೆ ಮಷಿನ್ ಮಾರಿಯಾಗಿತ್ತು. ಫೀಸು ಕಟ್ಟಲಾಗದೆ ಮಗಳ ಓದು ಒಂದು ವರ್ಷ ನಿಂತಿತ್ತು. ಅವನು ಕಡಿಮೆ ಕೊಟ್ಟಿಲ್ಲ, ಅವಳು ಹೆಚ್ಚು ತಿಂದಿಲ್ಲ. ಹಾಗಾದರೆ ದುಡ್ಡು ಎಲ್ಲಿಗೆ ಹೋಯಿತು?

ತಲೆಕೆಟ್ಟು ಒಮ್ಮೆ ಅವನಿಗೇ ಫೋನ್ ಮಾಡಿದ್ದಳು.

"ಬರೆದಷ್ಟು ಹಾಕ್ತಾ ಇದ್ದೀನಲ್ಲ?"

"ಹಾಕ್ತಾ ಇದ್ದೀರಿ."

"ಮತ್ತೇನು?"

ಮತ್ತೇನು ಎಂದು ಅವಳಿಗೂ ತಿಳಿಯಲಿಲ್ಲ. "ಏನಿಲ್ಲ, ಹುಷಾರಾಗಿ ಗಾಡಿ ಓಡಿಸಿ" ಎಂದು ಫೋನಿಟ್ಟಿದ್ದಳು.

ಒಂದು ದಿನ ಹಳೇ ಗಿರಾಕಿ ಲಾಯರಮ್ಮ ಕರಿಕೋಟು ಹಿಡಿದು ಬಂದರು.

"ಗುಂಡಿ ಹಾಕಿದ್ರೆ ಉಸಿರು ಕಟ್ಟುತ್ತೆ. ಸ್ವಲ್ಪ ಸಡಿಲ ಮಾಡಿಕೊಡಮ್ಮ."

"ಆಗುತ್ತೆ ಮೇಡಂ. ಹೊಲಿಯೋವಾಗಲೇ ಒಳಗೆ ಎರಡು ಬೆರಳು ಬಟ್ಟೆ ಬಿಟ್ಟಿದ್ದೆ. ಮೈ ನಿಂತಲ್ಲೇ ನಿಲ್ಲುತ್ತಾ?"

"ನನ್ನದಂತೂ ನಿಲ್ಲಲ್ಲ ಬಿಡು!"

ನಗುವಿನ ನಡುವೆಯೇ ಟೈಲರಮ್ಮ ಡ್ರಾದಿಂದ ಒಪ್ಪಂದ ಪತ್ರ ತೆಗೆದುಕೊಟ್ಟಳು. "ಇದರಲ್ಲಿ ಏನು ತಪ್ಪಿದೆ ನೋಡಿ ಮೇಡಂ. ನನಗೆ ಅರ್ಥವೇ ಆಗ್ತಿಲ್ಲ."

ಲಾಯರಮ್ಮ ಓದಿದರು. "ಈ ಮೊತ್ತ ಯಾವ ಕಾರಣಕ್ಕೂ ಬದಲಾಗತಕ್ಕದ್ದಲ್ಲ ಅಂತ ಇದೆ. ಇದನ್ನ ಯಾರು ಬರೆಸಿದ್ದು?"

ಮೂಲೆಯಲ್ಲಿ ಗುಂಡಿ ಹಚ್ಚುತ್ತಿದ್ದ ಟೈಲರಮ್ಮನ ತಾಯಿ ತಲೆಯೆತ್ತಿದಳು. "ನಾನೇ! ಹಟ ಹಿಡಿದು ಬರೆಸಿದೆ. ನಾಳೆ ಅವನು ಇಳಿಸಿದ್ರೆ?"

"ಇಳಿಸದ ಹಾಗೆ ಬಾಗಿಲು ಹಾಕಿದ್ರಿ, ಸರಿ. ಏರೋದೂ ಹೊರಗೇ ಉಳೀತಲ್ಲ ಅಜ್ಜಿ."

"ಅಂದ್ರೆ ಅವನು ಮೋಸ ಮಾಡಿದ ಅನ್ನಿ."

"ಇಲ್ಲ. ಬರೆದಷ್ಟು ಕೊಟ್ಟಿದ್ದಾರೆ."

"ಹಾಗಾದ್ರೆ ಇವಳ ಕೈಯಲ್ಲೇ ದುಡ್ಡು ನಿಲ್ಲಲ್ಲ."

"ಅಮ್ಮಾ!"

"ಇವಳದ್ದೂ ತಪ್ಪಲ್ಲ ಅಜ್ಜಿ. ದುಡ್ಡು ಇದ್ದಷ್ಟೇ ಇದೆ, ಬೆಲೆ ಬೆಳೀತು. ಎಂಟು ವರ್ಷದ ಹಿಂದೆ ಹೊಲಿದ ಫ್ರಾಕನ್ನ ಮೊಮ್ಮಗಳಿಗೆ ಈಗ ಹಾಕಿ ನೋಡಿ. ಫ್ರಾಕೇನೂ ಕುಗ್ಗಿಲ್ಲ."

ಕೋಟಿನ ಹೊಲಿಗೆ ಬಿಚ್ಚುತ್ತಿದ್ದ ಟೈಲರಮ್ಮನ ಕೈ ನಿಂತಿತು. "ಒಳಗೆ ಬಟ್ಟೆ ಬಿಡಬೇಕಿತ್ತು."

"ಅಷ್ಟೇ. ವರ್ಷಕ್ಕೆ ಇಷ್ಟು ಏರ್ಬೇಕು ಅಂತಲೋ, ಯಾರಿಗಾದ್ರೂ ಕೆಲಸ ಹೋದ್ರೆ, ಕಾಯಿಲೆ ಬಿದ್ರೆ ಮತ್ತೆ ಕೂತು ಮಾತಾಡ್ಬೇಕು ಅಂತಲೋ ಬರೆಸಬೇಕಿತ್ತು. ಅದು ಅವರಿಗೂ ಒಳ್ಳೇದು. ನಾಳೆ ಅವರ ಕೆಲಸ ಹೋದ್ರೆ ಈ ಪತ್ರ ಅವರ ಕುತ್ತಿಗೆಗೇ ಬರುತ್ತೆ."

"ಈಗೇನು ಮಾಡ್ಲಿ?"

"ಕೇಳಿ ನೋಡು. ಒಪ್ಪಿದ್ರೆ ಹೊಸ ಪತ್ರ ಮಾಡೋಣ. ಒಪ್ಪದಿದ್ರೆ ಕೋರ್ಟು. ಅಲ್ಲಿ ಗೆಲ್ತೀವಿ ಅಂತ ಮಾತು ಕೊಡಲಾರೆ. ಹೋದ ವರ್ಷಗಳದ್ದಂತೂ ಮರೆತುಬಿಡು."

ತಾಯಿ ಸೂಜಿ ದಾರ ಕೆಳಗಿಟ್ಟಳು. "ಎರಡು ಬೆರಳು ಬಿಡು ಅಂತ ಇವಳಿಗೆ ಕಲಿಸಿದ್ದೇ ನಾನು" ಎಂದಳು. "ಮಾಡೇ ಫೋನು. ಈ ಸಲ ಏನಿಲ್ಲ ಅನ್ನಬೇಡ."

ಟೈಲರಮ್ಮ ಫೋನ್ ಮಾಡಿದಳು. ಡ್ರೈವರ್ ಯೋಚಿಸಿ ಹೇಳುತ್ತೇನೆ ಎಂದಿದ್ದಾನೆ.

ನೀವು ಬೇರೆಯಾಗುವ ಮಾತುಕತೆಯಲ್ಲಿದ್ದೀರಾ? ಕೊಡುವವರಿರಲಿ, ಪಡೆಯುವವರಿರಲಿ, ಸಹಿ ಹಾಕುವ ಮೊದಲು ಪತ್ರವನ್ನು ನಿಮ್ಮದೇ ವಕೀಲರಿಗೆ ಅಥವಾ ಉಚಿತ ಕಾನೂನು ನೆರವು ಕೇಂದ್ರಕ್ಕೆ ತೋರಿಸಿ. "ಬೆಲೆ ಏರಿದರೆ ಏನು? ದುಡಿಮೆ ನಿಂತರೆ ಏನು?" ಎಂದು ಬಾಯಿಬಿಟ್ಟು ಕೇಳಿ. ಉತ್ತರವನ್ನು ಪತ್ರದಲ್ಲೇ ಬರೆಸಿ.

ಟೈಲರಮ್ಮ ಬರೆಸದೆ ಬಿಟ್ಟದ್ದು ಒಂದು ಸಾಲು. ಕಳೆದುಕೊಂಡದ್ದು ಒಂದು ಕೋಣೆ, ಒಂದು ಮಷಿನ್, ಮಗಳ ಓದಿನಲ್ಲಿ ಒಂದು ವರ್ಷ.